ಟೆಂಪ್ಲೇಟಿನಲ್ಲಿ ಉಳಿದ ಹೆಸರು

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರಣಿತಾ ನೇಕಾರರ ಸಂಘದ ಬಾಗಿಲಲ್ಲೇ ನಿಂತುಬಿಟ್ಟಳು. ಸಣ್ಣವಳಿದ್ದಾಗ ಬೇಸಿಗೆ ರಜೆಗೆ ಇದೇ ರಾಮದುರ್ಗದ ಅತ್ತೆಯ ಮನೆಗೆ ಬಂದರೆ ಓಣಿಯ ತುಂಬ ಇದೇ ವಾಸನೆ. ಉದ್ದಕ್ಕೆ ಎಳೆದು ಕಟ್ಟಿದ ನೂಲಿನ ಕೆಳಗೆ ನುಸುಳಿ ಆಡುವಾಗ ಗಂಜಿ ಕೂದಲಿಗೆ ಅಂಟುತ್ತಿತ್ತು. ಅತ್ತೆ ಬೈಯದೆ, ಬಿಸಿನೀರು ಹಾಕಿ ತೊಳೆಯುತ್ತಿದ್ದಳು.

“ಮ್ಯಾಡಮ್ಮಾರ, ಒಳಗ ಹೋಗೂದೈತೋ, ಇಲ್ಲೇ ಹೊಸ್ತಿಲದಾಗ ಡೆಮೋ ಕೊಡ್ತೀರೋ?”

ಹಿಂದೆ ಗೌತಮ. ಎರಡು ಹೆಗಲಿಗೆ ಎರಡು ಲ್ಯಾಪ್‌ಟಾಪ್ ಚೀಲ. ಒಂದು ಅವಳದು, ಗಾಡಿಯಿಂದ ಇಳಿಯುವಾಗ ಕೇಳದೆಯೇ ತೆಗೆದುಕೊಂಡಿದ್ದ.

“ನೀವು ದಾರಿ ಬಿಟ್ಟರ ಹೋಗತೇನಿ.”

“ದಾರ್ಯಾಗ ನಿಂತಾವ್ರು ನೀವ್ರಿ!”

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಸಣ್ಣದಾಗುತ್ತಿತ್ತು. ಬೈಲಹೊಂಗಲದ ಆಫೀಸಿನಲ್ಲಿ ಎದುರುಬದುರು ಕುಳಿತು ಕೆಲಸ ಮಾಡುವ ಪ್ರಣಿತಾಗೆ ಅದು ಗೊತ್ತಿತ್ತು. ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಅವರ ಸಾಹೇಬ ಬಸಲಿಂಗಪ್ಪ ಆಗಲೇ ಒಳಗೆ ಕುಳಿತಿದ್ದರು. ನೇಕಾರರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಅವರದು. ಇಂದು ತೋರಿಸುವ ದಿನ. ಸಂಘದ ಕಾರ್ಯದರ್ಶಿ ದೇವಕ್ಕ ಮುಂದಿನ ಸಾಲಿನಲ್ಲಿ, ಹಿರಿಯ ನೇಕಾರ ಮಲಕಾಜಪ್ಪ ಅವಳ ಪಕ್ಕ, ಹಿಂದೆ ಗೋಡೆಯ ತನಕ ಜನ.

ಬಸಲಿಂಗಪ್ಪ ಇಬ್ಬರ ಹೆಸರನ್ನೂ ಸಭೆಗೆ ಹೇಳಿದರು. ಗೌತಮ ಬಿಳಿ ಪರದೆ ಬಿಗಿದ. ಪ್ರಣಿತಾ ಪುಟ ತೆರೆದಳು. ಒಂದೊಂದು ಸೀರೆಗೂ ಒಂದೊಂದು ಕಾರ್ಡು; ಸೀರೆಯ ಚಿತ್ರ, ಕೆಳಗೆ ಅದನ್ನು ಹೇಳಿ ಮಾಡಿಸಿದ ಗಿರಾಕಿಯ ಹೆಸರು. ಚಿತ್ರಗಳು ಚೆಂದ ಬಂದವು. ಆದರೆ ಪ್ರತಿ ಸೀರೆಯ ಕೆಳಗೂ ಒಂದೇ ಹೆಸರು.

ಸೌ. ಪ್ರಣಿತಾ ಗೌತಮ.

“ಯಾರವ್ವಾ ಈಕಿ?” ದೇವಕ್ಕ ಕನ್ನಡಕ ಸರಿಮಾಡಿಕೊಂಡಳು. “ನಮ್ಮ ಸೀರಿ ಎಲ್ಲಾ ತಾನ ಕೊಂಡಾಳ!”

“ಬೀಗರು ಭಾಳ ಜೋರದಾರ ಕಾಣತೈತಿ,” ಮಲಕಾಜಪ್ಪ ಅಂದ. ಕೋಣೆಯೇ ನಕ್ಕಿತು. ನಗುತ್ತ ನಗುತ್ತ ಎಲ್ಲರೂ ಒಮ್ಮೆ ಪ್ರಣಿತಾಳನ್ನು, ಒಮ್ಮೆ ಗೌತಮನನ್ನು ನೋಡಿದರು. ನಗು ನಿಂತಿತು.

ಆ ಕಾರ್ಡಿನ ಚೌಕಟ್ಟಿಗೆ ಟೆಂಪ್ಲೇಟ್ ಅನ್ನುತ್ತಾರೆ. ಹೆಸರು ಎಷ್ಟು ಜಾಗ ಹಿಡಿಯುತ್ತದೆಂದು ತಿಳಿಯಲು ಅಲ್ಲಿ ಯಾವುದೋ ಮಾದರಿ ಹೆಸರು ಬರೆದಿಡುವುದು ಅವರ ರೂಢಿ. ಅದಕ್ಕೊಂದು ಐಡಿ, ಅಂದರೆ ಗುರುತಿನ ಚೀಟಿ, ಇರುತ್ತದೆ. ಪುಟ ತೆರೆದಾಗ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಆ ಐಡಿಯ ಗುರುತು ಹಿಡಿದು, ಮಾದರಿಯನ್ನು ತೆಗೆದು, ನಿಜವಾದ ಗಿರಾಕಿಯ ಹೆಸರು ಕೂರಿಸುತ್ತದೆ. ಮಾದರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದಿಲ್ಲವೆಂಬ ಧೈರ್ಯದಲ್ಲೇ ಪ್ರಣಿತಾ ಅದನ್ನು ಬರೆದಿದ್ದಳು.

ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ಅವಳಿಗೊಂದು ಆಸೆ ಹುಟ್ಟಿತ್ತು. ಆ ಎರಡು ಹೆಸರು ಕೂಡಿದರೆ ಪರದೆಯ ಮೇಲೆ ಹೇಗೆ ಕಾಣುತ್ತವೆ? ಒಮ್ಮೆ ನೋಡಿದರೆ ಸಾಕು. ಮಾದರಿ ಮರೆಯಾಗದಿರಲೆಂದು ಐಡಿ ತೆಗೆದಳು. ನೋಡಿದಳು. ಕೆನ್ನೆ ಬಿಸಿಯಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೌತಮನ ಚಪ್ಪಲಿ ಸಪ್ಪಳ. ಗಡಿಬಿಡಿಯಲ್ಲಿ ಪುಟ ಮುಚ್ಚಿದಳು. ಐಡಿ ಮತ್ತೆ ಹಾಕುವುದು ಮರೆತೇಹೋಯಿತು.

“ಏನಿದು?” ಬಸಲಿಂಗಪ್ಪ ಕೇಳಿದರು. ಧ್ವನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಸಿತು.

ಇಷ್ಟು ಜನರ ಕಣ್ಣು. ಅವಳ ನಾಲಗೆ ಅವಳನ್ನು ಕೇಳದೆಯೇ ಹೊರಳಿತು. “ಸರ್, ಟೆಂಪ್ಲೇಟ್... ಗೌತಮ ಅವರು ಮಾಡ್ಯಾರ್ರಿ.”

ಗೌತಮ ತಲೆಯೆತ್ತಿದ. ಅವಳನ್ನು ನೋಡಿದ. ತಾನು ಬರೆಯದ ಹೆಸರನ್ನು ಬರೆದವರು ಇನ್ಯಾರೆಂದು ಅವನಿಗೆ ತಿಳಿಯಲು ಆ ಒಂದು ನೋಟ ಸಾಕಾಯಿತು. ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ತಾನು ಪ್ರೀತಿಸಿದ್ದು, ತಾನು ಸುಳ್ಳಾಡಿದ್ದು, ಎರಡೂ ಒಂದೇ ಗಳಿಗೆಯಲ್ಲಿ ಅವನ ಮುಂದೆ ಬಯಲಾಗಿದ್ದವು.

“ಹೌದ್ರಿ ಸರ್. ನಂದ ತಪ್ಪು.”

ಬಾಗಿ ಟೆಂಪ್ಲೇಟ್ ತೆರೆದ, ಏನೋ ಸೇರಿಸಿದ, ಪುಟವನ್ನು ಮತ್ತೆ ತಂದ. ಮುನವಳ್ಳಿಯವರು, ಸಂಪಗಾಂವದವರು, ಕಿತ್ತೂರಿನವರು, ಒಬ್ಬೊಬ್ಬ ಗಿರಾಕಿಯೂ ತಂತಮ್ಮ ಸೀರೆಯ ಕೆಳಗೆ ಬಂದು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಸಲಿಂಗಪ್ಪ ಅವನನ್ನು ಪಡಸಾಲೆಗೆ ಕರೆದರು. ಬಾಗಿಲು ತೆರೆದೇ ಇತ್ತು.

“ಕೆಲಸದ ಜಾಗಾದಾಗ ಹೆಣ್ಣಮಕ್ಕಳ ಹೆಸರಿಗೆ ತನ್ನ ಹೆಸರು ಅಂಟಸಾವ ನನಗ ಬ್ಯಾಡಪಾ. ನಾಳಿಂದ ಬರಬ್ಯಾಡ.”

ಗೌತಮ ತಲೆಯಾಡಿಸಿ, ವೈರೊಂದನ್ನು ಎತ್ತಿಕೊಂಡು ಅಂಗಳಕ್ಕಿಳಿದ.

ದೇವಕ್ಕ ಪ್ರಣಿತಾಳನ್ನು ಫ್ಯಾನಿನ ಕೆಳಗೆ ಕೂರಿಸಿದಳು. ಚಹಾದ ಮೇಲಿನ ಕೆನೆಯನ್ನು ಚಮಚದಿಂದ ತೆಗೆದು ಕಪ್ಪು ಕೈಗಿಟ್ಟಳು. “ಅಂಜಬ್ಯಾಡ ನನ್ನವ್ವಾ. ನಿನ್ನದೇನ ತಪ್ಪೈತಿ? ಅಂಥಾವ್ರನ್ನ ದೂರ ಇಟ್ಟರ ಆತು.” ಬೆನ್ನು ಸವರಿದಳು.

ಆ ಕೈ ಬೆನ್ನ ಮೇಲೆ ಇದ್ದಷ್ಟು ಹೊತ್ತು ಪ್ರಣಿತಾಗೆ ಉಸಿರಾಡಲು ಆಗಲಿಲ್ಲ. ಯಾರಾದರೂ ಹೊಡೆದಿದ್ದರೆ ತಾಳಬಹುದಿತ್ತು. ಕಪ್ಪು ಕೆಳಗಿಟ್ಟು ಅಂಗಳಕ್ಕೆ ಓಡಿದಳು.

ಗೌತಮ ಬೇವಿನ ಮರದ ಕೆಳಗೆ ವೈರು ಸುತ್ತುತ್ತಿದ್ದ. ಅವಳ ಚಾರ್ಜರಿನ ವೈರು.

“ಯಾಕ ಒಪ್ಪಿಕೊಂಡ್ರಿ?”

“ನೀವು ಹೇಳಿದ್ರಿ.”

“ನಾ ಸುಳ್ಳ ಹೇಳಿದೆ!”

“ಗೊತ್ತೈತ್ರಿ.” ವೈರಿಗೆ ರಬ್ಬರ್ ಬ್ಯಾಂಡ್ ಹಾಕಿದ. “ಅಷ್ಟು ಮಂದಿ ಮುಂದ ನಿಮ್ಮ ಮುಖಾ ನೋಡಾಕ ಆಗಲಿಲ್ಲ. ನನಗೇನು, ಗಂಡಸು, ಬೈದರ ಬೈಸಿಕೊಂಡೆ.” ತಲೆಯೆತ್ತದೆ ಅಂದ: “ಆದರ ಒಂದ ಮಾತು. ನಮ್ಮವ್ವನ ಕಿವಿಗೆ ಇದು ಹಿಂಗ ಹೋಗಬಾರದ್ರಿ.”

ಅವನ ತಾಯಿ ಸೀತವ್ವ ಮುನವಳ್ಳಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಮಗನ ನಡತೆಯ ಬಗ್ಗೆ ಊರು ಒಳ್ಳೆಯ ಮಾತಾಡುವುದೇ ಅವಳ ಹಬ್ಬ. ಪ್ರಣಿತಾಗೆ ನಿಂತ ನೆಲ ಸುಟ್ಟಂತಾಯಿತು. ತಿರುಗಿ ಒಳಗೆ ನಡೆದಳು.

“ಎಲ್ಲಿ ಹೊಂಟ್ರಿ?”

ನಿಂತರೆ ಧೈರ್ಯ ಸೋರಿಹೋಗುತ್ತದೆಂದು ಅವಳು ಹೆಜ್ಜೆ ಜೋರು ಮಾಡಿದಳು.

ಕೋಣೆಯಲ್ಲಿ ಎಲ್ಲರೂ ಇನ್ನೂ ಇದ್ದರು. ಅವಳು ಪರದೆಯ ಮುಂದೆ ನಿಂತಳು. ಪ್ರೊಜೆಕ್ಟರಿನ ಬೆಳಕಿನಲ್ಲಿ ಯಾರದೋ ಸೀರೆಯ ಸೆರಗು ಅವಳ ಮುಖದ ಮೇಲೆ ಬಿತ್ತು.

“ಆ ಹೆಸರು ಗೌತಮ ಅವರು ಬರದಿದ್ದಲ್ಲ. ನಾನ ಬರದೀನಿ. ಐಡಿ ತಗದಾಕಿನೂ ನಾನ. ಕೇಳಿದಾಗ ನಾಚಿಕಿ ಬಂತು, ಅವರ ಮ್ಯಾಲ ಹಾಕಿದೆ. ಅವರು ನನಗ ಎಂದೂ ಒಂದು ಅಡ್ಡ ಮಾತು ಆಡಿಲ್ಲ. ಮನಸಿನ್ಯಾಗ ಇಟ್ಟುಕೊಂಡಾಕಿ ನಾನು.”

ಯಾರೂ ನಗಲಿಲ್ಲ. ದೇವಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಇದನ್ನ ಅಂವಗ ಹೇಳೀಯೇನು?” ಮಲಕಾಜಪ್ಪ ಮೆಲ್ಲಗೆ ಕೇಳಿದ.

“ಇಲ್ರಿ ಅಜ್ಜಾ.”

“ಹಂಗಾರ ಈಗ ಅಂವಾ ಕೇಳಸಿಕೊಂಡ ತಗೋ.”

ಗೌತಮ ಬಾಗಿಲಲ್ಲಿ ನಿಂತಿದ್ದ.

ಬಸಲಿಂಗಪ್ಪ ಎದ್ದು ಹೋಗಿ ಗೌತಮನ ಹೆಗಲು ಮುಟ್ಟಿದರು. “ತಪ್ಪಾತಪಾ. ದುಡುಕಿದೆ. ನಾಳೆ ಬಾ.” ಪ್ರಣಿತಾಳ ಕಡೆ ತಿರುಗಿದರು. “ನೀನೂ ಬಾ. ಬೈಯೂದೈತಿ, ಆಫೀಸಿನ್ಯಾಗ ಬೈತೇನಿ. ಇಲ್ಲಿ ಬ್ಯಾಡ.”

ಸಾಹೇಬರ ಗಾಡಿಯಲ್ಲಿ ಕೂರಲು ಅವಳಿಗೆ ಮುಖವಿರಲಿಲ್ಲ. ಬಸ್ಸಿಗೆ ಬರುತ್ತೇನೆಂದು ಹೇಳಿ ನಿಲ್ದಾಣಕ್ಕೆ ನಡೆದಳು. ಕಲ್ಲು ಬೆಂಚಿನ ತುದಿಯಲ್ಲಿ ಕುಳಿತು ಕಾಲಬೆರಳು ನೋಡುತ್ತಿದ್ದಳು. ಪಕ್ಕದಲ್ಲಿ ಎರಡು ಚೀಲ ಇಳಿದವು. ಚೀಲಗಳ ಆಚೆ ಅವನು ಕುಳಿತ.

“ಗಾಡ್ಯಾಗ ಹೋಗಲಿಲ್ಲೇನ್ರಿ?”

“ನಿಮ್ಮ ಲ್ಯಾಪ್‌ಟಾಪ್ ನನ್ನ ಕಡೆ ಉಳೀತಲ್ರಿ.”

“ನನ್ನ ಮುಖಾ ನೋಡಬ್ಯಾಡ್ರಿ. ಸಾಯೂ ಹಂಗ ಆಗೇತಿ.”

“ನೋಡಿಲ್ರಿ. ಬಸ್ಸಿನ ಬೋರ್ಡ ನೋಡಾಕ ಹತ್ತೇನಿ.” ನಿಜವಾಗಿ ಬೋರ್ಡನ್ನೇ ನೋಡುತ್ತಿದ್ದ, ಆದರೆ ಎಡಗಣ್ಣು ಆಗಲೇ ಸಣ್ಣದಾಗಿತ್ತು. “ಟೆಂಪ್ಲೇಟಿಗೆ ಐಡಿ ಅಷ್ಟ ಹಾಕೇನ್ರಿ. ಮಾದರಿ ಹೆಸರು ಅಳಿಸಿಲ್ಲ.”

ಅವಳು ಥಟ್ಟನೆ ತಿರುಗಿದಳು. “ಯಾಕ್ರಿ?”

“ಕೆಲಸಕ್ಕ ಅಡ್ಡಿ ಆಗೂದಿಲ್ಲ. ಇರಲಿ.” ಈಗ ಅವನ ಕಿವಿ ಕೆಂಪಗಿದ್ದವು. “ಅಳಸಬೇಕಂತ ಫೈಲ್ ತೆಗದಿದ್ದೆ. ಕೈ ಬರಲಿಲ್ಲ.”

ಅವಳ ಕಣ್ಣು ತುಂಬಿ ಬಂದವು. ನಾಚಿಕೆ ಇನ್ನೂ ಎದೆಯಲ್ಲೇ ಇತ್ತು. ಅಷ್ಟು ಬೇಗ ಹೋಗುವಂಥದ್ದಲ್ಲ. ಆದರೆ ಅದರ ಪಕ್ಕ ಇನ್ನೊಂದಕ್ಕೂ ಜಾಗವಾಯಿತು.

ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಚೀಲದಿಂದ ಬುತ್ತಿ ತೆಗೆದು, ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.