ಅರ್ಧ ಉಳಿದ ಪಾಠ

"ಇಳಿಸಬ್ಯಾಡ್ರಿ, ಹಂಗ ನಿಲ್ರಿ."

ಮೊದಲ ಭೇಟಿಯಲ್ಲಿ ರಾಜಶ್ರೀ ಟೀಚರ್ ಗುರುಸಿದ್ದನಿಗೆ ಹೇಳಿದ್ದು ಇಷ್ಟೇ.

ಬನಹಟ್ಟಿಯ ಹೈಸ್ಕೂಲು, ಒಂಬತ್ತನೇ ತರಗತಿ. ಪಾಠಕ್ಕೆ ಭಾರದ ವಸ್ತುವೊಂದು ಬೇಕೆಂದು ಅವಳು ಪಕ್ಕದ ಮಗ್ಗದ ಶೆಡ್ಡಿಗೆ ಹೇಳಿಕಳಿಸಿದ್ದಳು. ಆಳಿನ ಕೈಲಿ ಕಳಿಸಬಹುದಾಗಿದ್ದ ನೂಲಿನ ಮೂಟೆಯನ್ನು ಶೆಡ್ಡಿನ ಮಾಲೀಕ ಗುರುಸಿದ್ದನೇ ಹೆಗಲ ಮೇಲೆ ಹೊತ್ತು ತಂದಿದ್ದ. ಹಿರಿಯರು ಇಬ್ಬರ ಮದುವೆಯ ಮಾತು ತೆಗೆದಿದ್ದರಲ್ಲ, ಹುಡುಗಿಯನ್ನು ನೋಡುವ ಆಸೆ!

ಅವನ ನೋಟಕ್ಕೆ ಅವಳ ಎದೆ ಹೊಡೆದುಕೊಂಡಿತು. ಅದನ್ನು ಮುಚ್ಚಿಕೊಳ್ಳಲು ದನಿ ಏರಿಸಿದಳು.

"ಬಲಾ ಹಾಕ್ಯಾರ, ಆದ್ರ ಮೂಟಿ ಸರದಿಲ್ಲ. ಮೂಟಿ ಮ್ಯಾಲ ಇವ್ರು ಮಾಡಾಕತ್ತ ಕೆಲಸ ಎಷ್ಟು?"

ಮಕ್ಕಳು ಸೊನ್ನೆ ಎಂದವು. ಅವಳು ಬೋರ್ಡಿನ ಮೇಲೆ ಅವನ ಹೆಸರು ಬರೆದು ಮುಂದೆ ದೊಡ್ಡ ಸೊನ್ನೆ ಹಾಕಿದಳು. ತರಗತಿ ಗೊಳ್ಳೆಂದಿತು, ಅವಳೂ ನಕ್ಕಳು. ಗುರುಸಿದ್ದ ಮೂಟೆ ಇಳಿಸಿ, ತಿರುಗಿ ನೋಡದೆ ಹೋದ.

ಮರುವಾರ ಹುಡುಗನ ಮನೆಯಿಂದ ಸಂಬಂಧ ಬೇಡವೆಂಬ ಮಾತು ಬಂತು.

ಯಾಕೆಂದು ಗೊತ್ತಾದದ್ದು ಸಂತೆಯಲ್ಲಿ ಅವನ ತಾಯಿ ಸಾವಿತ್ರೆವ್ವ ಸಿಕ್ಕಾಗ. ಲಕ್ವ ಹೊಡೆದ ತಂದೆಯನ್ನು ಮಗ ದಿನಾ ಸಂಜೆ ತೆಕ್ಕೆಯಲ್ಲಿ ಹಿಡಿದು ನಿಲ್ಲಿಸುತ್ತಾನಂತೆ. ಮುದುಕನಿಗೆ ಮಗ್ಗ ಓಡುವುದನ್ನು ನಿಂತೇ ನೋಡಬೇಕು, ಹೆಜ್ಜೆ ಮಾತ್ರ ಏಳುವುದಿಲ್ಲ.

"ಸಾಲಿಯಿಂದ ಬಂದವ್ನ ಕೇಳಿದ ನೋಡವ್ವ... ಯವ್ವಾ, ನಾ ಮಾಡೂದೆಲ್ಲಾ ಸೊನ್ನಿ ಏನು ಅಂತ."

ರಾಜಶ್ರೀ ಅವತ್ತಿನ ಪಾಠವನ್ನು ಮತ್ತೆ ನೆನೆದಳು. ಮೂಟೆಯ ಮೇಲೆ ಆದ ಕೆಲಸ ಸೊನ್ನೆ, ನಿಜ. ಆದರೆ ಹೊತ್ತವನ ಸ್ನಾಯುಗಳು ಶಕ್ತಿಯನ್ನು ಸುಡುತ್ತಲೇ ಇರುತ್ತವೆ, ಅದು ಶಾಖವಾಗಿ ಮೈಯಿಂದ ಹೊರಬೀಳುತ್ತದೆ. ಪಾಠದ ಈ ಅರ್ಧವನ್ನು ಅವಳು ನಗುವಿನ ಭರದಲ್ಲಿ ನುಂಗಿದ್ದಳು. ಛೀ, ನಾನೆಂಥ ಟೀಚರ್... ಅಷ್ಟು ಒಳ್ಳೆಯ ಮನುಷ್ಯನನ್ನು ಮಕ್ಕಳ ಮುಂದೆ ನಿಲ್ಲಿಸಿ ನಕ್ಕೆನಲ್ಲ!

ಮರುದಿನ ಮಕ್ಕಳಿಗೆ ಉಳಿದರ್ಧ ಹೇಳಿ, ಅವತ್ತು ನಕ್ಕದ್ದು ತನ್ನ ತಪ್ಪೆಂದಳು. ಸಂಜೆ ಶೆಡ್ಡಿಗೆ ನಡೆದಳು.

ಗುರುಸಿದ್ದ ತಂದೆಯನ್ನು ಹಿಡಿದು ಮಗ್ಗದೆದುರು ನಿಂತಿದ್ದ. ಅಂಗಿಯ ಬೆನ್ನು ಪೂರ್ತಿ ಒದ್ದೆ. ಅವಳು ಮುದುಕನ ಇನ್ನೊಂದು ತೋಳಿಗೆ ಹೆಗಲು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಹಣೆಯೂ ಬೆವರಿತು.

"ನಿಮ್ಮ ಪುಸ್ತಕದಾಗ ಇದು ಕೆಲಸಲ್ಲ ಟೀಚರ್," ಎಂದ, ಅವಳತ್ತ ನೋಡದೆ.

"ಖರೆ ಐತ್ರಿ. ಆದ್ರ ಈ ಬೆವರು ಎಲ್ಲಿಂದ ಬರತೈತಿ ಅಂತ ನಾ ಹೇಳಲಿಲ್ಲ. ಗೊತ್ತಿದ್ದೂ ನಕ್ಕೆ... ತಪ್ಪಾತ್ರಿ."

ಮಗ್ಗ ಒಂದೇ ಸಮ ಬಡಿಯುತ್ತಿತ್ತು. ಅವನು ತಂದೆಯ ಭಾರವನ್ನು ತನ್ನತ್ತ ಒಂದಿಷ್ಟು ಎಳೆದುಕೊಂಡ.

"ಭಾರ ಆಗಾಕತ್ತೈತೇನು?"

"ಆಗಾಕತ್ತೈತಿ."

"ಬಿಡ್ರಿ ಮತ್ತ."

"ಬಿಡಾಕ ಬಂದಿಲ್ರಿ ನಾ."

ಗುರುಸಿದ್ದ ಆಗ ಅವಳತ್ತ ತಿರುಗಿದ. ತಂದೆಯ ಬೆನ್ನ ಹಿಂದಿದ್ದ ಅವನ ಕೈ ಮೆಲ್ಲಗೆ ಅವಳ ಕೈ ಹಿಡಿಯಿತು.

"ಹಂಗ ನಿಲ್ರಿ," ಎಂದ.