ಹಾಲೇಶಪ್ಪನವರ ಬಲಗೈ

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸವಳಂಗದ ಓಂಕಾರ್ ನ್ಯಾಮತಿ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ಗುರುವಾರ ಸಂಜೆ ತನ್ನ ತಂದೆ ಹಾಲೇಶಪ್ಪ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬೈಕ್ ಗುದ್ದಿ ಕೆಡವಿತು, ಸವಾರ ಜಗಳೂರು ಕಡೆಯ ಕುರಿಗಾಹಿ ಓಬಳೇಶ್, ಪರಿಹಾರಕ್ಕೆ ಎಫ್‌ಐಆರ್ ಬೇಕು ಎಂಬುದು ಅದರ ಸಾರ. ಮೊಬೈಲಿನಲ್ಲಿ ಗಾಯಗಳ ಫೋಟೊಗಳಿದ್ದವು. ಮಂಡಿ, ಮೊಣಕೈ, ಹಣೆ, ಒಂದೊಂದಕ್ಕೂ ನಾಲ್ಕು ಕೋನ. ಮದುವೆಯ ಆಲ್ಬಮ್ಮಿಗೂ ಜನ ಇಷ್ಟು ಮುತುವರ್ಜಿ ವಹಿಸುವುದಿಲ್ಲ.

"ಇಷ್ಟು ತಡ ಯಾಕೆ?" ಎಂದರು ಪಿಎಸ್‌ಐ ಹೇಮಾವತಿ.

"ಆಸ್ಪತ್ರೆ ಓಡಾಟ ಇತ್ತು ಮೇಡಂ."

"ಗುದ್ದಿದ್ದು ನೀವು ನೋಡಿದ್ರಾ?"

"ಇಲ್ಲ. ಅಪ್ಪ ಹೇಳಿದ್ದು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಹೆಡ್ ಕಾನ್‌ಸ್ಟೆಬಲ್ ಕಲ್ಲೇಶ್ ಓಬಳೇಶನನ್ನೂ ಅವನ ಬೈಕನ್ನೂ ಠಾಣೆಗೆ ತಂದರು. ಗೊಬ್ಬರವಾಗಲೆಂದು ರೈತರು ರಾತ್ರಿ ಹೊತ್ತು ತಮ್ಮ ಹೊಲದಲ್ಲಿ ಕುರಿ ತಂಗಿಸಿಕೊಳ್ಳುತ್ತಾರೆ. ಅದಕ್ಕೆ ಸಿಗುವ ಕಾಸೇ ಓಬಳೇಶನ ಅನ್ನ. ಕೇಸಿನ ಸುದ್ದಿ ಹಬ್ಬಿದ್ದೇ ತಡ ಹೊಲದ ಮಾಲೀಕ ಮಂದೆ ಎಬ್ಬಿಸು ಎಂದಿದ್ದ. ಉಳಿದವರೂ ಅದನ್ನೇ ಹೇಳುವವರಿದ್ದರು.

"ನಾ ಬರೋ ಹೊತ್ತಿಗೆ ಯಜಮಾನ್ರು ಬಿದ್ದಿದ್ರು ಮೇಡಂ. ಗಾಡಿ ಮ್ಯಾಲೆ ಕೂರಿಸ್ಕಂಡು ಆಸ್ಪತ್ರೆಗೆ ತಂದೆ. ಇಷ್ಟೇ."

"ಅಲ್ಲಿ ನಿನ್ನ ಗಾಡಿ ನಂಬರ್ ಕೊಟ್ಟಿದೀಯ."

"ಕೇಳಿದ್ರು, ಹೇಳಿದೆ. ಮುಚ್ಚಿಡಾಕೆ ಏನೈತೆ?"

ಉಪಕಾರಕ್ಕೆ ಹೋಗಿ ಅಪವಾದ ಹೊತ್ತವನ ಮುಖ ಅದು. ಆದರೆ ಅಂಥ ಮುಖವನ್ನು ಕಳ್ಳರೂ ಮಾಡಬಲ್ಲರು. ಹೇಮಾವತಿ ಕಲ್ಲೇಶರನ್ನು ಕರೆದುಕೊಂಡು ಸವಳಂಗಕ್ಕೆ ಹೊರಟರು.

ಸ್ಥಳ ಪಂಚನಾಮೆಯಿಂದ ಹೆಚ್ಚೇನೂ ದಕ್ಕಲಿಲ್ಲ, ರಸ್ತೆಯ ಗುರುತುಗಳು ಅಳಿಸಿಹೋಗಿದ್ದವು. ಸೈಕಲ್ ಓಂಕಾರನ ಮನೆಯ ಜಗಲಿಗೆ ಒರಗಿತ್ತು. ಹ್ಯಾಂಡಲ್ ಬಲಕ್ಕೆ ತಿರುಚಿಕೊಂಡಿತ್ತು.

"ಹಿಂದಿಂದ ಗುದ್ದಿದ್ರೆ ಮಡ್‌ಗಾರ್ಡಾದ್ರೂ ಬಗ್ಗಬೇಕಲ್ರೀ ಮೇಡಂ," ಎಂದರು ಕಲ್ಲೇಶ್.

ವೈದ್ಯರ ಗಾಯದ ಪ್ರಮಾಣಪತ್ರದಲ್ಲಿ ಬಲ ಮಣಿಕಟ್ಟಿನ ಗಾಯವೂ ಇತ್ತು. ಮಗ ತೆಗೆದ ಅಷ್ಟೊಂದು ಫೋಟೊಗಳಲ್ಲಿ ಅದೊಂದೇ ಇರಲಿಲ್ಲ. ಹಾಲೇಶಪ್ಪ ಒಳಗೆ ಮಂಚದ ಮೇಲಿದ್ದರು, ಬಲಗೈಗೆ ಟವೆಲ್ ಸುತ್ತಿಕೊಂಡು.

"ಆ ಕೈ ತೋರಿಸಿ ಯಜಮಾನ್ರೇ."

"ಅದಕ್ಕೇನೂ ಆಗಿಲ್ಲ ತಾಯಿ."

"ಫೋಟೊ ಎಲ್ಲಾ ಕೊಟ್ಟಿದೀನಲ್ಲ ಮೇಡಂ," ಎಂದು ಓಂಕಾರ್ ನಡುವೆ ಬಂದ.

"ನೀವು ಹೊರಗಿರಿ."

ಟವೆಲ್ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಚರ್ಮ ಬಳೆಯಂತೆ ಸುಲಿದಿತ್ತು. ಹೇಮಾವತಿ ಹಳ್ಳಿಯಲ್ಲಿ ಬೆಳೆದವರು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಗೆ ದನದ ಹಗ್ಗ ಸುತ್ತಿಕೊಂಡು ಸೈಕಲ್ ತುಳಿಯುವುದು ಅವರ ಮನೆಯಲ್ಲೂ ಇತ್ತು. ಬರೀ ಹಿಡಿದ ಹಗ್ಗವನ್ನು ಬಿಡಬಹುದು, ಸುತ್ತಿಕೊಂಡದ್ದನ್ನು ಬಿಡಲಾಗದು. ಗೊತ್ತಿದ್ದೂ ಎಲ್ಲರೂ ಸುತ್ತಿಕೊಳ್ಳುತ್ತಾರೆ.

"ಎಮ್ಮೆನೋ, ಹಸುನೋ?"

ಹಾಲೇಶಪ್ಪ ಗೋಡೆಯ ಕಡೆ ತಿರುಗಿದರು. ಹಿರಿಯ ಜೀವ ನಾಚಿಕೆಯಿಂದ ಕುಗ್ಗಿದ್ದನ್ನು ನೋಡಲಾಗದೆ ಕಲ್ಲೇಶ್ ಬಾಗಿಲಾಚೆ ಹೋದರು.

"ಎಮ್ಮೆ ತಾಯಿ. ಮಗಳು ಬಾಣಂತಿ. ಹಾಲಿಗೆ ಒಂದು ಎಮ್ಮೆ ಕಳಿಸ್ತೀವಿ ಅಂತ ಬೀಗರಿಗೆ ಮಾತು ಕೊಟ್ಟಿದ್ವಿ. ಪಕ್ಕದೂರು ತಾನೇ ಅಂತ ಹೊಂಟೆ. ಬಸ್ಸು ಹಾರ್ನ್ ಹೊಡೀತು, ಎಮ್ಮೆ ಬೆದರಿ ನನ್ನ ಎಳಕಂಡು ಹೋತು, ಆಮ್ಯಾಲೆ ಹಗ್ಗ ಬಿಚ್ಕಂಡು ಓಡಿಹೋತು."

"ಓಬಳೇಶ?"

"ದೇವರು ಬಂದಂಗೆ ಬಂದ. ಅವನ ಮ್ಯಾಲೆ ಹಾಕ್ತೀನಿ ಅಂತ ಮಗ ಅಂದಾಗ ಬ್ಯಾಡ ಅನ್ನಾಕೆ ನಂಗೆ ಬಾಯಿ ಬರಲಿಲ್ಲ. ಮಗ ಅಲ್ವಾ."

ಠಾಣೆಯಲ್ಲಿ ಓಂಕಾರ್ ಹೆಚ್ಚು ಹೊತ್ತು ಹಟ ಮಾಡಲಿಲ್ಲ.

"ಎಮ್ಮೆ ಟೆಂಪೊದಲ್ಲಿ ಕಳಿಸಬಹುದಿತ್ತಲ್ಲ?"

"ನಾನೇ ಕಳಿಸ್ತೀನಿ ಅಂದಿದ್ದೆ ಮೇಡಂ. ನಾಳೆ, ನಾಡಿದ್ದು ಅಂತ ಮುಂದೂಡಿದೆ. ಕೊನೆಗೆ ಅಪ್ಪ ನನ್ನ ಕೇಳಲೇ ಇಲ್ಲ."

"ಸುಳ್ಳು ಯಾಕೆ?"

"ಆಸ್ಪತ್ರೆ ತುಂಬ ನೆಂಟರು. ತಂಗಿ ಅತ್ತೆ ಮನೆಯೋರೂ ಬಂದಿದ್ರು. ನನ್ನ ನಂಬಿ ಸಾಕಾಗಿ ಅಪ್ಪ ತಾನೇ ಹೊಂಟ ಅಂತ ಅವರ ಮುಂದೆ ಹೆಂಗೆ ಹೇಳ್ಲಿ? ಬೈಕ್ ಗುದ್ದಿತು ಅಂದುಬಿಟ್ಟೆ. ಯಾವ ಬೈಕು ಅಂದ್ರು. ಕರ್ಕಂಡು ಬಂದೋನ್ದೇ ಅಂದೆ. ನಂಬರ್ ಐತಲ್ಲ, ಕೇಸ್ ಹಾಕು, ಕ್ಲೇಮ್ ಸಿಗ್ತೈತೆ ಅಂದ್ರು. ಹಾಕದಿದ್ರೆ ಅನುಮಾನ ಬರ್ತಿತ್ತು."

ದುಡ್ಡಿನ ಆಸೆ ಇರಲೇ ಇಲ್ಲವೆಂದಲ್ಲ, ಅದು ಆಮೇಲೆ ಸೇರಿಕೊಂಡಿತು. ಮೊದಲು ಬಂದದ್ದು ನಾಚಿಕೆ. ತನ್ನ ಮಾನ ಮುಚ್ಚಿಕೊಳ್ಳಲು ಅವನು ಕೈಗೆ ಸಿಕ್ಕ ಒಬ್ಬ ಬಡವನ ಮಾನ ಕಿತ್ತುಕೊಂಡಿದ್ದ.

ಸುಳ್ಳು ದೂರು ಮತ್ತು ವಂಚನೆಯ ಯತ್ನದ ಆರೋಪದ ಮೇಲೆ ಸಂಜೆ ಆರೂವರೆಗೆ ಓಂಕಾರನ ಬಂಧನವಾಯಿತು. ಬೈಕಿನ ಕೀ ಪಡೆದ ಓಬಳೇಶ್ ಅವನ ಮುಂದೆ ಹಾದುಹೋಗುವಾಗ ನಿಂತ. ಕೈಕೈ ಮಿಲಾಯಿಸುತ್ತಾರೋ ಏನೋ ಎಂದು ಕಲ್ಲೇಶ್ ನಡುವೆ ಬಂದರು.

"ಯಜಮಾನ್ರ ಕೈ ಹೆಂಗೈತಣ್ಣ?" ಎಂದು ಕೇಳಿದ ಓಬಳೇಶ್. "ಅವತ್ತು ಭಾಳ ರಕ್ತ ಬರ್ತಿತ್ತು."

ಹಗ್ಗದ ಗುರುತು ಕಾಣದಿರಲೆಂದು ಆ ಕೈಗೆ ಟವೆಲ್ ಸುತ್ತಿಸಿದ ಮೇಲೆ ಓಂಕಾರ್ ಒಮ್ಮೆಯೂ ಅದನ್ನು ಬಿಚ್ಚಿ ನೋಡಿರಲಿಲ್ಲ.