ಮೋರಿಯೊಳಗೆ ಮೂವತ್ತು ಸೆಕೆಂಡು

ಮಳೆ ನಿಂತರೂ ಮೋರಿಯ ಹನಿ ನಿಲ್ಲದು. ಗಾದೆಯನ್ನು ಕೆಡಿಸಿದ್ದು ನಾನೇ. ಕತೆ ಮಾತ್ರ ಕೆಟ್ಟಿಲ್ಲ, ನಿಜವಾಗಿ ನಡೆದದ್ದು.

"ಕ್ಯಾಮೆರಾ ಮೂವತ್ತು ಸೆಕೆಂಡ್ ಕಣ್ಣು ಮುಚ್ಚಲ್ಲ ಮಾರ್ನಿ. ಅಲ್ಲಾಡಿದ್ರೆ ಕಲಸಿಹೋಗ್ತೀಯ," ಎಂದಳು ಜೋಸೀ ಚಿಕ್ಕಮ್ಮ.

ಹತ್ತು ವರ್ಷದ ಮಾರ್ನಿ ಮೆಲ್ಬರ್ನಿನ ರಸ್ತೆಯಡಿ, ಮಳೆನೀರಿನ ಸುರಂಗದಲ್ಲಿ ನಿಂತಿದ್ದಳು. ಗಂಬೂಟಿನ ಅರ್ಧಕ್ಕೆ ತಣ್ಣನೆ ನೀರು. ನಗರಸಭೆಗೆ ಮೋರಿಗಳ ಫೋಟೋ ತೆಗೆದುಕೊಡುವುದು ಚಿಕ್ಕಮ್ಮನ ಕೆಲಸ. ಆಕಾಶದಲ್ಲಿ ಒಂದು ಮೋಡ ಕಂಡರೂ ಅವಳು ಒಳಗೆ ಕಾಲಿಡುವುದಿಲ್ಲ. ಇವತ್ತು ಒಂದೂ ಇರಲಿಲ್ಲ.

"ಇವಳಾ? ಮೂರು ಎಣಿಸೋದ್ರೊಳಗೆ 'ಚಿಕ್ಕಮ್ಮಾ, ಸಾಕೂಊ' ಅಂತಾಳೆ," ಅಣ್ಣ ಲಾಕಿ ಮೂಗಿನಲ್ಲಿ ಅಣಕಿಸಿದ.

"ನೀನು ಆ ತಿರುವಿನ ಹಿಂದೆ ನಿಂತು ಲೈಟ್ ಬಿಡು, ಸಾಕು. ಮಾರ್ನಿ, ಹೆದರಿ ಓಡಿದ್ರೆ ಮುಂದಿನ ಸಲ ಕರ್ಕೊಂಡ್ಬರಲ್ಲ. ಇಲ್ಲಿ ಓಡೋರು ಬೀಳ್ತಾರೆ."

ಲಾಕಿ ಮಾರ್ನಿಯ ಬೆನ್ನ ಹಿಂದಿನ ತಿರುವಿಗೆ ಹೋದ. ಟಾರ್ಚುಗಳು ಆರಿದವು. ಕ್ಲಿಕ್!

ಕತ್ತಲೆ ಮುಖಕ್ಕೇ ಅಂಟಿಕೊಂಡಿತು. ಚಿಕ್ಕಮ್ಮನ ಟಾರ್ಚು ಒಮ್ಮೆ ಮಾರ್ನಿಯನ್ನು ಸವರಿ, ಇಟ್ಟಿಗೆ ಗೋಡೆಗೆ ಬಣ್ಣ ಬಳಿಯುವಂತೆ ಮೆಲ್ಲಗೆ ಸರಿದುಹೋಯಿತು. ತಿರುವಿನ ಕಡೆಯಿಂದ ಮಾತ್ರ ಬೆಳಕೇ ಬರಲಿಲ್ಲ.

ಎಂಟು... ಒಂಬತ್ತು...

ಪಚಕ್. ಹಿಂದೆ ಏನೋ ಹೆಜ್ಜೆ ಇಟ್ಟಿತು. ಪಚಕ್, ಪಚಕ್.

"ಗುರ್‌ರ್‌ರ್..." ಕತ್ತಿನ ಹತ್ತಿರವೇ!

ಮಾರ್ನಿಯ ಮೊಣಕಾಲು ಗಡಗಡ. ಕೂಗು ಗಂಟಲಿಗೆ ಬಂತು; ಅವಳು ನುಂಗಿಕೊಂಡಳು. ಓಡಿದರೆ ಇಲ್ಲಿಗೆ ಬರುವುದು ಇದೇ ಕೊನೆ. ತಣ್ಣನೆಯ ಬೆರಳೊಂದು ಕಿವಿ ಮುಟ್ಟಿತು.

ಹದಿನೇಳು... ಹದಿನೆಂಟು...

ಆಗ ನೀರಿನಲ್ಲಿ ಏನೋ ಬಳುಕುತ್ತ ಅವಳ ಬೂಟು ಸವರಿ ಹಿಂದಕ್ಕೆ ಹೋಯಿತು.

"ಹಾವೂ! ಅಯ್ಯಯ್ಯೋ, ಹಾವು ಹಾವು!" ಹಿಂದಿದ್ದ ದೆವ್ವ ಲಾಕಿಯ ದನಿಯಲ್ಲೇ ಕಿರುಚಿ, ಟಾರ್ಚು ಹೊತ್ತಿಸಿ ಕುಣಿಯಿತು.

ಮಾರ್ನಿ ಆಗಲೂ ಕದಲಲಿಲ್ಲ. ಮೂವತ್ತು. ಕ್ಲಿಕ್!

ಚಿಕ್ಕಮ್ಮ ನೀರಿಗೆ ಬೆಳಕು ಬಿಟ್ಟಳು. "ಹಾವಲ್ಲ ಕಣೋ, ಹಾವುಮೀನು. ಇಲ್ಲೇ ಇರೋದು ಪಾಪ. ನಿನ್ನನ್ನ ನೋಡಿ ಅದೇ ಹೆದರಿರತ್ತೆ."

ಮೂವರೂ ಕ್ಯಾಮೆರಾದೊಳಗೆ ಇಣುಕಿದರು. ಮುಂದೆ ಮಾರ್ನಿ, ಕೆತ್ತಿಟ್ಟ ಹಾಗೆ. ಹಿಂದೆ ಲಾಕಿ: ಮೂರು ತಲೆ, ಆರೇಳು ಕಾಲು, ಕೈಯಲ್ಲಿದ್ದ ಟಾರ್ಚಿನ ಬೆಳಕು ಜಿಲೇಬಿ ಜಿಲೇಬಿಯಾಗಿ.

"ಡಿಲೀಟ್ ಮಾಡಿ ಚಿಕ್ಕಮ್ಮ, ಪ್ಲೀಸ್!"

ಮಾರ್ನಿ ಫೋಟೋದಲ್ಲಿ ತನ್ನ ಮೊಣಕಾಲುಗಳನ್ನು ಹುಡುಕಿ ನೋಡಿದಳು. ಅಷ್ಟು ನಡುಗಿದ್ದವು, ಈಗಲೂ ನಡುಗುತ್ತಿದ್ದವು. ಆದರೂ ನಿಂತೇ ಇದ್ದವು.

ಮೊದಲು ಚಿಕ್ಕಮ್ಮ ನಕ್ಕಳು. ಆಮೇಲೆ, ತಡೆಯಲಾರದೆ, ಲಾಕಿಯೂ. ಆದರೆ ಸುರಂಗದ ಆ ತುದಿಯವರೆಗೂ ಹೋಗಿ ಮರಳಿ ಬಂದದ್ದು ಮಾರ್ನಿಯ ನಗು.